ನಟ್ಟಣ್ಣ ಸೂಜಿ ಹಿಡಿದ ಭಾನುವಾರ

ಬಸ್ ಡಿಪೋದಲ್ಲಿ ಈಗ ಯಾರ ಅಂಗಿಯ ಗುಂಡಿ ಕಿತ್ತುಬಂದರೂ ಅವರು ದರ್ಜಿಯ ಅಂಗಡಿ ಹುಡುಕಿಕೊಂಡು ಹೋಗುವುದಿಲ್ಲ. ನೇರವಾಗಿ ರಿಪೇರಿ ಶೆಡ್ಡಿಗೆ ಬರುತ್ತಾರೆ. ಅಲ್ಲಿ ಯಾವುದಾದರೊಂದು ಬಸ್ಸಿನ ಹೊಟ್ಟೆಯ ಕೆಳಗಿಂದ ಎರಡು ಕಾಲು ಚಾಚಿಕೊಂಡಿರುತ್ತವೆ. "ನಟ್ಟಣ್ಣ, ಒಂದು ಗುಂಡಿ ಕೆಲಸ ಇತ್ತು" ಎಂದರೆ ಸಾಕು, ಕಾಲುಗಳ ಹಿಂದೆಯೇ ಇಡೀ ಮನುಷ್ಯ ಹೊರಗೆ ಜಾರಿ ಬರುತ್ತಾನೆ. ಮೊದಲು ಸೋಪು ಹಚ್ಚಿ ಕೈ ತೊಳೆಯುತ್ತಾನೆ, ಉಗುರಿನ ಸಂದಿಯ ಗ್ರೀಸನ್ನೂ ಬ್ರಷ್ಷಿನಿಂದ ತಿಕ್ಕುತ್ತಾನೆ. ಆಮೇಲೆ ಟೂಲ್ ಬಾಕ್ಸಿನ ಮೇಲಿನ ಖಾನೆಯಿಂದ ಒಂದು ಬೆಂಕಿಪೊಟ್ಟಣ ತೆಗೆಯುತ್ತಾನೆ. ಅದರೊಳಗೆ ಸೂಜಿ, ದಾರ, ಒಂದೇ ಒಂದು ಬೆಂಕಿಕಡ್ಡಿ. ಕಡ್ಡಿ ಯಾಕೆ ಎಂದು ಹೊಸಬರು ಯಾರಾದರೂ ಕೇಳಿದರೆ ಅವನ ಮುಖ ಇಷ್ಟಗಲ ಆಗುತ್ತದೆ. ಕೇಳಲಿ ಎಂದೇ ಕಾಯುತ್ತಿರುತ್ತಾನೆ.

ನಟ್ಟಣ್ಣ ಅನ್ನುವುದು ಡಿಪೋದವರು ಇಟ್ಟ ಹೆಸರು. ಅವನು ಹಿರಿಯ ಮೆಕ್ಯಾನಿಕ್. ಅವನ ಕೈ ಆಡದೆ ಒಂದು ಬಸ್ಸೂ ಶೆಡ್ಡಿನಿಂದ ಆಚೆ ಹೋಗುವುದಿಲ್ಲ. ನಟ್ಟು ಬಿಗಿದಾದ ಮೇಲೆ ಬೋಲ್ಟಿನ ತುದಿ ಆ ಕಡೆಯಿಂದ ಸ್ವಲ್ಪ ಹೊರಗೆ ಕಾಣಬೇಕು. ಕಾಣದಿದ್ದರೆ ಆ ಬೋಲ್ಟು ಪೂರ್ತಿ ಹಿಡಿದಿಲ್ಲ, ಯಾವತ್ತೋ ಒಂದು ದಿನ ರಸ್ತೆಯಲ್ಲಿ ಕೈ ಕೊಡುತ್ತದೆ. ಹಾಗಾಗಿ ಅವನು ಪ್ರತಿಯೊಂದರ ಹಿಂದೆಯೂ ಬೆರಳು ಹಾಕಿ ನೋಡುತ್ತಾನೆ, "ಆಚೆ ಕಾಣ್ಬೇಕಪ್ಪಾ, ಆಚೆ ಕಾಣ್ಬೇಕು" ಎನ್ನುತ್ತಾನೆ. ಕೆಲಸ ಕಲಿಯುವವರು ಅವನ ಬೆನ್ನ ಹಿಂದೆ ಟೀ ಲೋಟದ ತಳ ತಿರುಗಿಸಿ ನೋಡಿ, "ಆಚೆ ಕಾಣ್ತಿಲ್ಲವಲ್ಲೋ" ಎಂದು ನಗುತ್ತಾರೆ. ಅದು ಅವನಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿರುತ್ತಾನೆ. ಅವನು ಬಿಗಿದ ಚಕ್ರ ದಾರಿಯಲ್ಲಿ ಸಡಿಲಾದದ್ದು ಇವತ್ತಿನವರೆಗೆ ಇಲ್ಲ.

ಇಂಥ ಮನುಷ್ಯ ಸೂಜಿ ಹಿಡಿದದ್ದು ಹೋದ ವರ್ಷದ ಒಂದು ಭಾನುವಾರ. ಅದೂ ಮಗಳು ಊದುವ ಸೀಟಿಗಾಗಿ.

ಮಗಳಿಗೆ ಮನೆಯಲ್ಲಿ ಪುಟ್ಟಿ ಅನ್ನುತ್ತಾರೆ. ಅಪ್ಪನಿಗಿಂತ ಒಂದು ಗೇಣು ಎತ್ತರ ಇದ್ದಾಳೆ, ಆದರೂ ಪುಟ್ಟಿಯೇ. ಚಿಕ್ಕಂದಿನಿಂದ ಫುಟ್‌ಬಾಲ್ ಆಡಿದವಳು. ಮಂಡಿಗೆ ಪೆಟ್ಟಾಗಿ ಆಟ ನಿಂತ ಮೇಲೆ ಮನೆಯಲ್ಲಿ ಕೂರಲಿಲ್ಲ. ಮಂಡಿ ಗುಣವಾದದ್ದೇ ರೆಫರಿ ಪರೀಕ್ಷೆಗೆ ಕೂತಳು, ಪಾಸಾದಳು. ಕೇರಿ ಕೇರಿಯ ಸಣ್ಣ ಪಂದ್ಯಗಳಲ್ಲಿ ಸೀಟಿ ಊದುತ್ತ ಓಡಿದಳು. ಈಗ ಮೊದಲ ಸಲ ಫೈನಲ್ ಪಂದ್ಯ ಅವಳ ಕೈಗೆ ಬಂದಿತ್ತು. ಭಾನುವಾರ ಸಂಜೆ, ದೊಡ್ಡ ಮೈದಾನದಲ್ಲಿ.

ಅದಕ್ಕೊಂದು ತೊಡಕಿತ್ತು. ರೆಫರಿಯ ಕಪ್ಪು ಅಂಗಿಯ ಜೇಬಿನ ಮೇಲೆ ಬಟ್ಟೆಯ ಬ್ಯಾಡ್ಜ್ ಇರಬೇಕು. ಪುಟ್ಟಿ ಅದನ್ನು ಸೇಫ್ಟಿ ಪಿನ್ನಿನಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಹಿಂದಿನ ಪಂದ್ಯದಲ್ಲಿ ಪಿನ್ ಬಿಚ್ಚಿಕೊಂಡು, ಗೆದ್ದ ಖುಷಿಯಲ್ಲಿ ಬಂದು ತಬ್ಬಿದ ಆಟಗಾರ್ತಿಯೊಬ್ಬಳ ಕೈಗೆ ಗೀರಿತ್ತು. ಪಂದ್ಯದ ಮೇಲ್ವಿಚಾರಕರು ಅವತ್ತೇ ಹೇಳಿದ್ದರು: ಫೈನಲ್‌ಗೆ ಬ್ಯಾಡ್ಜನ್ನು ಸುತ್ತಲೂ ಹೊಲಿದಿರಬೇಕು. ಇಲ್ಲದಿದ್ದರೆ ಸೀಟಿ ಮೀಸಲು ರೆಫರಿಗೆ, ಅಂದರೆ ಒಬ್ಬ ಡ್ರಿಲ್ ಮೇಷ್ಟ್ರಿಗೆ.

ಹೊಲಿಯುವುದೇನು ಮಹಾ ಎಂದು ಅಮ್ಮ ಬ್ಯಾಡ್ಜನ್ನು ತೆಗೆದಿಟ್ಟಿದ್ದಳು. ಆ ಮನೆಯಲ್ಲಿ ಹರಿದದ್ದು, ಕಿತ್ತದ್ದು, ಇಳಿಬಿದ್ದದ್ದು ಎಲ್ಲ ಅವಳ ಕೈಗೆ ಹೋಗುತ್ತಿತ್ತು. ಆದರೆ ಶನಿವಾರ ಬೇಕರಿಯಲ್ಲಿ ಕೆಲಸ ಮುಗಿಸಿ ಬರುವಾಗ ಒದ್ದೆ ಮೆಟ್ಟಿಲ ಮೇಲೆ ಜಾರಿದಳು. ಬಲ ಮಣಿಕಟ್ಟು ಬಿರುಕುಬಿಟ್ಟು ಕೈಗೆ ಪ್ಲಾಸ್ಟರ್ ಬಿತ್ತು.

ಭಾನುವಾರ ಬೆಳಿಗ್ಗೆ ಪುಟ್ಟಿ ಓಟದ ಪರೀಕ್ಷೆಗೆಂದು ಬೇಗನೆ ಮೈದಾನಕ್ಕೆ ಹೊರಟಳು. ಬಾಗಿಲಲ್ಲಿ ನಿಂತು, "ಅಪ್ಪಾ, ಹೇಗಾದ್ರೂ ಹೊಲಿಸ್ಕೊಂಡು ಬಂದ್ಬಿಡು. ನಿನ್ನೇ ನಂಬಿದೀನಿ" ಎಂದಳು. ನಟ್ಟಣ್ಣ ಅಂಗಿ ಹಿಡಿದುಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿಬಂದ. ದರ್ಜಿ ಅಂಗಡಿಗಳೆಲ್ಲ ಭಾನುವಾರದ ರಜೆಯಲ್ಲಿ ಬೀಗ ಹಾಕಿಕೊಂಡಿದ್ದವು. ಹೊಲಿಗೆ ಬಲ್ಲ ಎದುರುಮನೆ ಅತ್ತೆ ಊರಲ್ಲಿರಲಿಲ್ಲ.

"ಈ ಒಂದ್ಸಲ ಪಿನ್ನೇ ಹಾಕೋಣ್ವಾ?" ಎಂದ ಹೆಂಡತಿಯ ಹತ್ತಿರ.

"ಹಾಕಿ. ಸೀಟಿ ಆ ಮೇಷ್ಟ್ರು ಊದ್ಲಿ."

"ಮತ್ತೇನ್ ಮಾಡೋದೇ?"

"ನೀವು ಹೊಲೀರಿ."

"ನಾನಾ?"

"ಈಗ ಮನೇಲಿರೋದು ನಾಲ್ಕು ಕೈ. ಒಂದು ಪ್ಲಾಸ್ಟರ್ ಒಳಗಿದೆ, ಇನ್ನೊಂದು ನನ್ನ ಎಡಗೈ, ಅದಕ್ಕೆ ಚಮಚ ಹಿಡಿಯೋಕೂ ಬರಲ್ಲ. ಮಿಕ್ಕಿದ್ದು ಯಾರ್ದು ಅಂತ ನೀವೇ ನೋಡ್ಕೊಳ್ಳಿ."

ನಟ್ಟಣ್ಣ ತನ್ನ ಕೈ ನೋಡಿಕೊಂಡ. ಬಸ್ಸಿನ ಟೈರು ಎತ್ತುವ ಕೈ. ಆದರೆ ಬೇಡ ಅನ್ನಲು ಬಾಯಿ ಬರಲಿಲ್ಲ. ಬರಲಿಲ್ಲ ಅನ್ನುವುದಕ್ಕಿಂತ, ಎದೆಯಲ್ಲಿ ಏನೋ ಒಂದು ಹುರುಪು ಎದ್ದಿತ್ತು. ಹೊಸ ಮಾದರಿಯ ಇಂಜಿನ್ನು ಮೊದಲ ಸಲ ಶೆಡ್ಡಿಗೆ ಬಂದ ದಿನ ಆಗುವಂಥದ್ದು. ಹೋಗಿ ಕೈ ತೊಳೆದು ಬಂದ.

ಹೆಂಡತಿ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟು ಕೂತಳು. ಅಲ್ಲಿ ಬೆಳಕು ಚೆನ್ನಾಗಿತ್ತು. ಬಿಸ್ಕತ್ತಿನ ಹಳೆಯ ಡಬ್ಬಿಯಿಂದ ಸೂಜಿ, ದಾರ ಹೊರಬಂದವು. "ಮೊದ್ಲು ಅವಳ ಅಂಗಿ ಮುಟ್ಬೇಡಿ. ನಿಮ್ಮ ಹಳೇ ಖಾಕಿ ಗುಂಡಿ ಹೋಗಿ ಎಷ್ಟು ದಿನ ಆಯ್ತು, ಅದನ್ನ ತನ್ನಿ. ಹಾಳಾದ್ರೂ ಅದೇ ಹಾಳಾಗ್ಲಿ" ಎಂದಳು.

ದಾರ ಸೂಜಿಯ ಕಣ್ಣಿಗೆ ಹೋಗಲು ಒಪ್ಪಲಿಲ್ಲ. ತುದಿ ಎಳೆಎಳೆಯಾಗಿ ಬಿಚ್ಚಿಕೊಂಡು ಪೊರಕೆಯ ಹಾಗೆ ಹರಡಿತ್ತು. ಒತ್ತಿದಷ್ಟೂ ಅತ್ತ ಇತ್ತ ಬಾಗಿತು.

"ಒತ್ತಿದ್ರೆ ಹೋಗಲ್ಲ ರೀ, ಅದೇನು ಪಿಸ್ಟನ್ನಾ? ಕತ್ತರೀಲಿ ಓರೆಯಾಗಿ ಕತ್ತರಿಸಿ. ತುದಿ ನಾಲಿಗೆ ಮೇಲಿಟ್ಟು ಒದ್ದೆ ಮಾಡಿ, ಎರಡು ಬೆರಳಲ್ಲಿ ಚಪ್ಪಟೆ ಮಾಡಿ. ಹೂಂ. ಈಗ ಸೂಜೀನ ದಾರದ ಹತ್ರ ತನ್ನಿ."

ದಾರ ಕಣ್ಣಿನೊಳಗೆ ತೂರಿ ಆಚೆ ಇಣುಕಿತು. "ಹೋಯ್ತು ಕಣೇ, ಹೋಯ್ತು" ಎಂದು ನಟ್ಟಣ್ಣ ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ. ಅದೇ ಖುಷಿಯಲ್ಲಿ, ಮತ್ತೆ ಪೋಣಿಸುವ ಕಷ್ಟವೇ ಬೇಡವೆಂದು, ಉಂಡೆಯಿಂದ ಒಂದು ಮಾರು ದಾರ ಎಳೆದ. ಎರಡು ಹೊಲಿಗೆ ಹಾಕುವುದರೊಳಗೆ ಅದು ಗಂಟುಗಂಟಾಗಿ ಸೂಜಿಗೆ, ಅವನ ಕೈಗಡಿಯಾರಕ್ಕೆ, ಕುರ್ಚಿಯ ಕೈಗೆ ಸುತ್ತಿಕೊಂಡಿತು.

"ಬಾವಿಯಿಂದ ನೀರು ಸೇದ್ತಿದೀರಾ? ಬೆರಳ ತುದಿಯಿಂದ ಮೊಣಕೈವರೆಗೆ ಸಾಕು. ಮುಗಿದ್ರೆ ಇನ್ನೊಂದ್ಸಲ ಪೋಣಿಸಿದ್ರಾಯ್ತು. ಈಗ ಅದನ್ನೆಲ್ಲ ಕತ್ತರಿಸಿ ಬಿಸಾಕಿ."

ಈ ಸಲ ಗುಂಡಿ ಕೂತಿತು. ನಟ್ಟಣ್ಣ ಒಂದೊಂದು ಸುತ್ತಿಗೂ ಹಲ್ಲು ಕಚ್ಚಿ ದಾರ ಬಿಗಿದ. ಕೊನೆಯ ಗಂಟು ಹಾಕಿ ಎಳೆದು ನೋಡಿದ. ಗುಂಡಿ ಬಟ್ಟೆಗೆ ಅಂಟು ಹಾಕಿದ ಹಾಗೆ ಕೂತಿತ್ತು, ಅಲುಗಾಟವೇ ಇಲ್ಲ. ಮೀಸೆಯಡಿ ನಕ್ಕ. ಹೆಂಡತಿ, "ಈಗ ಹಾಕ್ಕೊಳ್ಳಿ" ಎಂದಳು ಅಷ್ಟೇ.

ಅಂಗಿ ತೊಟ್ಟ. ಗುಂಡಿ ತೂತಿನೊಳಗೆ ಹೋಗಲಿಲ್ಲ. ಗುಂಡಿಗೂ ಬಟ್ಟೆಗೂ ನಡುವೆ ಕೂದಲೆಳೆಯಷ್ಟೂ ಜಾಗ ಇರಲಿಲ್ಲ. ಇನ್ನೊಂದು ಪದರ ಬಂದು ಕೂರುವುದೆಲ್ಲಿ? ಜೋರು ಮಾಡಿದ. ಬಟ್ಟೆ ಸುಕ್ಕಾಯಿತೇ ಹೊರತು ಗುಂಡಿ ಮಿಸುಕಲಿಲ್ಲ.

"ಬಿಚ್ಚಿ. ಒಲೆ ಹತ್ರ ಬೆಂಕಿಪೊಟ್ಟಣ ಇದೆ ನೋಡಿ, ಒಂದು ಕಡ್ಡಿ ತನ್ನಿ. ಗುಂಡಿ ಮೇಲೆ ಅಡ್ಡ ಇಟ್ಟು, ಕಡ್ಡಿ ಮೇಲಿಂದಾನೇ ದಾರ ಹಾಕಿ. ಆಮೇಲೆ ಕಡ್ಡಿ ಎಳ್ಕೊಳ್ಳಿ. ಸಡಿಲಾಯ್ತಲ್ಲ? ಗುಂಡೀನ ಮೇಲಕ್ಕೆತ್ತಿ, ಅದರ ಕೆಳಗೆ ದಾರಾನ ನಾಲ್ಕು ಸುತ್ತು ಸುತ್ತಿ. ಈಗ ಗಂಟು."

ಹಾಗೇ ಮಾಡಿದ. ಗುಂಡಿ ಒಂದು ಪುಟ್ಟ ಕಾಂಡದ ಮೇಲೆ ನಿಂತಿತು. ತೂತಿನೊಳಗೆ ಬೆಣ್ಣೆಯ ಹಾಗೆ ಜಾರಿತು, ಹಾಗೇ ಹೊರಬಂತು. ನಟ್ಟಣ್ಣ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ.

"ಇದು ಪ್ಲೇ ಕಣೇ. ಸ್ಟಿಯರಿಂಗಿಗೂ ಹೀಗೇ ಒಂಚೂರು ಆಟ ಬಿಡ್ತೀವಿ. ಬಿಡದಿದ್ರೆ ತಿರುಗೋದೇ ಇಲ್ಲ. ನೀನು ಇಷ್ಟು ವರ್ಷದಿಂದ ಮನೇಲಿ ಕೂತು ಇದನ್ನೇ ಮಾಡ್ತಿದ್ಯಾ?"

"ನಾನು ಗುಂಡಿ ಹೊಲೀತಿದ್ದೆ" ಎಂದಳು ಅವಳು. "ಆ ಕಡ್ಡೀನ ಅಪ್ಕೊಂಡು ನಿಂತ್ಕೋಬೇಡಿ, ಅವಳ ಅಂಗಿ ತಗೊಳ್ಳಿ."

ಬ್ಯಾಡ್ಜನ್ನು ಎಡಗೈಯಲ್ಲೇ ಜೇಬಿನ ಮೇಲಿಟ್ಟು, ಓರೆಯಾಗಿಲ್ಲವಷ್ಟೇ ಎಂದು ದೂರದಿಂದ ನೋಡಿ, ಹೆಂಡತಿ ಅವನಿಂದ ನಾಲ್ಕು ಮೂಲೆಗೂ ಗುಂಡುಸೂಜಿ ಚುಚ್ಚಿಸಿದಳು. ಬೇಕರಿಯ ಖಾಲಿ ಪೆಟ್ಟಿಗೆಯಿಂದ ಒಂದು ತುಂಡು ರಟ್ಟು ಕತ್ತರಿಸಿ ಜೇಬಿನೊಳಗೆ ಇಡಿಸಿದಳು. ಬ್ಯಾಡ್ಜಿನ ಅಂಚಿನಿಂದ ಸೂಜಿ ಎತ್ತಬೇಕು, ಪಕ್ಕದಲ್ಲೇ ಜೇಬಿನ ಬಟ್ಟೆಗೆ ಇಳಿಸಬೇಕು, ಮತ್ತೆ ಅಂಚಿಗೆ. ಹೊಲಿಗೆಗಳು ಅಕ್ಕಿಕಾಳಿಗಿಂತ ದೊಡ್ಡದಾಗಬಾರದು. ಮೊದಲ ನಾಲ್ಕಾರು ಹೊಲಿಗೆ ಅವಳ ಕಣ್ಣೆದುರೇ ನೆಟ್ಟಗೆ ಬಿದ್ದವು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವಳ ಅಕ್ಕ. ಕೈ ಮುರಿದ ಸುದ್ದಿ ಈಗ ತಲುಪಿತ್ತು. ಅಕ್ಕ ಫೋನು ಮಾಡಿದರೆ ಅಷ್ಟು ಸುಲಭಕ್ಕೆ ಇಡುವವಳಲ್ಲ. "ರಟ್ಟು ಅಲ್ಲೇ ಇರ್ಲಿ" ಎನ್ನುತ್ತ ಹೆಂಡತಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಒಳಕೋಣೆಗೆ ಹೋದಳು.

ನಟ್ಟಣ್ಣ ಒಂದು ಅಂಚು ಮುಗಿಸಿದ. ಅಭ್ಯಾಸ ಬಿಡಬೇಕಲ್ಲ, ಅಂಗಿ ಮಗುಚಿ ಹಿಂದೆ ಬೆರಳಾಡಿಸಿ ನೋಡಿದ. ಹಿಂದೆ ಏನೂ ಇರಲಿಲ್ಲ. ಒಂದು ಎಳೆಯೂ ಆಚೆ ಬಂದಿರಲಿಲ್ಲ. ಇಷ್ಟು ಹೊತ್ತು ಹೊಲಿದದ್ದೆಲ್ಲ ಅರ್ಧಕ್ಕೇ ನಿಂತಿತ್ತು. ಇಂಥ ಕೆಲಸವನ್ನು ಶೆಡ್ಡಿನಲ್ಲಿ ಯಾರಾದರೂ ಮಾಡಿದ್ದರೆ ಅವನು ಬಿಚ್ಚಿಸುತ್ತಿದ್ದ. ಈಗ ಮಗಳು ಇದನ್ನು ಹಾಕಿಕೊಂಡು ಇಡೀ ಮೈದಾನ ಓಡಬೇಕು. ಮೇಲ್ವಿಚಾರಕರು ಜಗ್ಗಿದರೆ?

ಅಡ್ಡ ಬಂದದ್ದು ಆ ರಟ್ಟು ಎಂದು ಅವನಿಗೆ ಹೊಳೆಯಿತು. ಎಳೆದು ಮೇಜಿನ ಮೇಲಿಟ್ಟ. ಮೊದಲಿನಿಂದ ಶುರು ಮಾಡಿದ. ಈಗ ಸೂಜಿ ಸರಾಗವಾಗಿ ಈಚೆಯಿಂದ ಆಚೆಗೆ ಹೋಯಿತು. ಪ್ರತಿ ಹೊಲಿಗೆಗೂ ಅಂಗಿ ಮಗುಚಿ ನೋಡಿದ. ಹಿಂದೆ ಕಪ್ಪು ದಾರ ಸಾಲುಸಾಲಾಗಿ, ಒಂದೇ ಅಳತೆಯಲ್ಲಿ, ಇರುವೆ ಸಾಲಿನ ಹಾಗೆ ಮೂಡುತ್ತ ಬಂತು. ಆಚೆ ಕಾಣುತ್ತಿತ್ತು. ಕೆಲಸ ಮುಗಿದಾಗ ಅವನಿಗೆ ಸೀಟಿ ಊದಬೇಕೆನಿಸಿತು.

ಹೆಂಡತಿ ಬರುವಷ್ಟರಲ್ಲಿ ಹೊರಡುವ ಹೊತ್ತಾಗಿತ್ತು. ಅಂಗಿಯನ್ನು ಮುಂದಿನಿಂದ ನೋಡಿದಳು. ಉಗುರಿನಿಂದ ಅಂಚು ಕೆದಕಿದಳು. "ಪರವಾಗಿಲ್ವೇ. ಡಾಕ್ಟ್ರು ಹೊಲಿಗೆ ಹಾಕ್ದಂಗಿದೆ" ಎಂದಳು. ಆ ಮಾತಿಗೆ ನಟ್ಟಣ್ಣ ನೆಲದಿಂದ ಒಂದು ಗೇಣು ಮೇಲೆದ್ದ. ಅಂಗಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡ. ಶೆಡ್ಡಿನಲ್ಲಿ ಕೆಲಸ ಮುಗಿದ ಮೇಲೂ ಒಂದು ಸ್ಪ್ಯಾನರನ್ನು ಜೇಬಿನಲ್ಲಿ ಇಟ್ಟುಕೊಂಡೇ ಮನೆಗೆ ಬರುವವನು ಅವನು. ಅದೇ ರೂಢಿಯಲ್ಲಿ ಸೂಜಿದಾರವನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಪ್ಯಾಂಟಿನ ಜೇಬಿಗಿಳಿಸಿದ. ಇಬ್ಬರೂ ಬಸ್ಸಿಗೆ ಓಡಿದರು.

ಮೈದಾನದ ಹೊರಗೇ ಗದ್ದಲ ಕೇಳುತ್ತಿತ್ತು. ಡಿಪೋದವರು ಒಂದು ಸಾಲು ಪೂರ್ತಿ ಹಿಡಿದು ಕೂತಿದ್ದರು. "ಅತ್ತಿಗೆ, ಇಲ್ಲಿ ಜಾಗ ಇಟ್ಟಿದೀವಿ" ಎಂದು ಕೂಗಿದರು. ಗಂಡ ಹೆಂಡತಿ ಕೈಬೀಸಿ, ಮೆಟ್ಟಿಲ ಕೆಳಗಿನ ರೆಫರಿ ಕೋಣೆಗೆ ಹೋದರು. ಸುಣ್ಣದ ಪುಡಿಯ ವಾಸನೆ, ಗೂಟಕ್ಕೆ ತೂಗುಹಾಕಿದ ಬಾವುಟಗಳು, ಗೋಡೆಗೊರಗಿಸಿದ ಒಂದು ಬೆಂಚು. ಪುಟ್ಟಿ ಅಂಗಿ ಕಸಿದುಕೊಂಡು ಒಳಗೆ ಹೋಗಿ ತೊಟ್ಟು ಬಂದಳು. ಬ್ಯಾಡ್ಜಿನ ಮೇಲೆ ಕೈಯಾಡಿಸಿ, "ಅಪ್ಪಾ, ಯಾವ ಟೈಲರು?" ಎಂದಳು.

"ನಮ್ಮನೆ ಟೈಲರು" ಎಂದಳು ಅಮ್ಮ, ಗದ್ದದಿಂದಲೇ ಗಂಡನ ಕಡೆ ತೋರಿಸಿ.

ಪುಟ್ಟಿ ನಂಬಲಿಲ್ಲ. ನಂಬುವುದರೊಳಗೆ ಮೇಲ್ವಿಚಾರಕರು ಬಂದರು. ಬಿಳಿ ಮೀಸೆಯ, ಗಟ್ಟಿ ದನಿಯ ಮನುಷ್ಯ. ಹಿಂದೆಯೇ ಡ್ರಿಲ್ ಮೇಷ್ಟ್ರು. ಕುತ್ತಿಗೆಯಲ್ಲಿ ಆಗಲೇ ಸೀಟಿ ತೂಗುತ್ತಿತ್ತು, ನಿಂತಲ್ಲೇ ಮಂಡಿ ಮಡಚಿ ಕಾಲು ಬಿಸಿ ಮಾಡಿಕೊಳ್ಳುತ್ತಿದ್ದರು. ಮೇಲ್ವಿಚಾರಕರು ಬ್ಯಾಡ್ಜಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದರು.

"ಭದ್ರವಾಗಿದೆ. ಯಾರು ಹೊಲಿದಿದ್ದು?"

"ನಮ್ಮಪ್ಪ ಸಾರ್. ಬಸ್ ಮೆಕ್ಯಾನಿಕ್."

"ಅನ್ಕೊಂಡೆ. ಅಂಗಿ ಹರಿದ್ರೂ ಇದು ಬರಲ್ಲ. ಸರಿ, ಕಾರ್ಡು ಇಟ್ಕೊಂಡು ಹೊರಡಮ್ಮ."

ಪುಟ್ಟಿ ಹಳದಿ ಕಾರ್ಡು, ಕೆಂಪು ಕಾರ್ಡು ಎರಡನ್ನೂ ಸೇರಿಸಿ ಜೇಬಿಗೆ ಇಳಿಸಲು ಹೋದಳು. ಕಾರ್ಡು ಬಾಯಿಯ ಹತ್ತಿರವೇ ನಿಂತಿತು. ತಿರುಗಿಸಿ ಹಾಕಿದಳು. ನಿಂತಿತು. ಬೆರಳು ಹಾಕಿ ನೋಡಿದಳು.

"ಅಪ್ಪಾ, ಜೇಬೆಲ್ಲಿ?"

ನಟ್ಟಣ್ಣನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಮೇಜಿನ ಮೇಲೆ ಬಿಟ್ಟುಬಂದ ರಟ್ಟು ಕಣ್ಣೆದುರು ಬಂತು. ಬ್ಯಾಡ್ಜು, ಜೇಬು, ಅಂಗಿ, ಮೂರನ್ನೂ ಸೇರಿಸಿ ಅವನು ಒಂದೇ ಬೋಲ್ಟು ಬಿಗಿದಿದ್ದ. ಹೆಂಡತಿ ಅಂಗಿಯ ಕುತ್ತಿಗೆಯಿಂದ ಒಳಗೆ ಇಣುಕಿ ಇರುವೆ ಸಾಲನ್ನು ಕಂಡಳು. "ರಟ್ಟು ತೆಗೆದುಬಿಟ್ರಾ?" ಎಂದಳು ಮೆಲ್ಲಗೆ.

"ಆಚೆ ಕಾಣ್ತಿರ್ಲಿಲ್ಲ" ಎಂದ ನಟ್ಟಣ್ಣ.

ಚಡ್ಡಿಗೆ ಜೇಬಿರಲಿಲ್ಲ. ಕಾರ್ಡನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಳ್ಳಲಾ ಎಂದು ಪುಟ್ಟಿ ಕೇಳಿದಳು. "ಚೀಟಿ ಬಚ್ಚಿಡೋಕೆ ಇದೇನು ಪರೀಕ್ಷೆ ಹಾಲಾ?" ಎಂದರು ಮೇಲ್ವಿಚಾರಕರು. ಡ್ರಿಲ್ ಮೇಷ್ಟ್ರು ಕಾಲು ಬಿಸಿ ಮಾಡುವುದನ್ನು ನಿಲ್ಲಿಸಿ, "ತೊಂದ್ರೆ ತಗೋಬೇಡಿ, ನನ್ನ ಜೇಬು ತೆರೆದೇ ಇದೆ" ಎಂದರು. ಪುಟ್ಟಿಯ ಮುಖ ಬಾಡಿತು. ಮಂಡಿಗೆ ಪೆಟ್ಟಾದ ದಿನ ಆಸ್ಪತ್ರೆಯಲ್ಲಿ ಹೀಗೇ ಬಾಡಿತ್ತು, ನಟ್ಟಣ್ಣನಿಗೆ ನೆನಪಿತ್ತು.

"ಸಾರ್, ತಂಡಗಳು ಸಾಲು ನಿಲ್ಲೋವರೆಗೆ ಟೈಮ್ ಕೊಡಿ" ಎಂದ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದಿದ್ದ.

ಮೇಲ್ವಿಚಾರಕರು ಪೊಟ್ಟಣವನ್ನೂ ಅವನ ಮುಖವನ್ನೂ ನೋಡಿದರು. ತಮ್ಮ ಕೀ ಗೊಂಚಲಿನಿಂದ ಉಗುರು ಕತ್ತರಿಸುವ ಕಟ್ಟರ್ ಬಿಡಿಸಿ ಕೊಟ್ಟರು. "ಸಾಲು ನಿಲ್ಲೋವರೆಗೆ ಮಾತ್ರ."

ಪುಟ್ಟಿ ಒಳಗೆ ಓಡಿ, ಜಾಕೆಟ್ ಹಾಕಿಕೊಂಡು ಅಂಗಿಯನ್ನು ಬಾಗಿಲ ಸಂದಿಯಿಂದ ಎಸೆದಳು. ನಟ್ಟಣ್ಣ ಬೆಂಚಿನ ಮೇಲೆ ಕೂತ. ಹೆಂಡತಿ ಪಕ್ಕದಲ್ಲಿ ಕೂತು, "ಹಿಂದಿನಿಂದ ಕತ್ತರಿಸಿ. ದಾರ ಮಾತ್ರ, ಬಟ್ಟೆ ಅಲ್ಲ. ಅಲ್ಲಲ್ಲಿ ಒಂದು ಕತ್ತರಿಸಿ ಎಳೀರಿ, ಮಿಕ್ಕಿದ್ದು ತಾನಾಗೇ ಬರುತ್ತೆ" ಎಂದಳು. ಕಟ್ಟರ್ ಟಿಕ್ ಟಿಕ್ ಎಂದಿತು. ಇರುವೆ ಸಾಲು ಉದುರಿತು. ಜೇಬು ಬಾಯಿಬಿಟ್ಟಿತು.

"ರಟ್ಟು?" ಎಂದ ನಟ್ಟಣ್ಣ, ಸುತ್ತ ಕಣ್ಣಾಡಿಸುತ್ತ.

ಹೆಂಡತಿ ತನ್ನ ಎಡಗೈಯನ್ನೇ ಜೇಬಿನೊಳಗೆ ಇಳಿಸಿ, ಬ್ಯಾಡ್ಜಿನ ಹಿಂದೆ ಬೆರಳು ಹರಡಿದಳು.

"ಇದೇ ರಟ್ಟು. ಹೊಲೀರಿ."

"ಚುಚ್ಚುತ್ತೆ ಕಣೇ."

"ಚುಚ್ಚಿದ್ರೆ ಹೇಳ್ತೀನಿ."

ಅವನು ಸೂಜಿ ಇಳಿಸಿದ. "ಆಯ್" ಎಂದಳು. ಕೈ ಹಿಂದಕ್ಕೆಳೆದ. "ಎಳೀಬೇಡಿ, ಮುಂದೆ ಹೋಗಿ. ಬಟ್ಟೆಯ ಎರಡೆಳೆ ಮಾತ್ರ ಎತ್ತಿ. ಅಷ್ಟು ಸಾಕು." ಇಷ್ಟು ವರ್ಷ ಆಚೆ ಕಾಣಬೇಕೆಂದು ದುಡಿದ ಕೈ ಅವನದು. ಈಗ ಆಚೆ ಕಡೆ ಹೆಂಡತಿಯ ಬೆರಳಿತ್ತು. ಅವನು ಉಸಿರು ಹಿಡಿದು ಸೂಜಿಯನ್ನು ಮಲಗಿಸಿದ, ಬಟ್ಟೆಯ ಮೈಯನ್ನಷ್ಟೇ ಕೊಂಚ ಎತ್ತಿದ, ಎಳೆದ. ಅವಳು ಏನೂ ಅನ್ನಲಿಲ್ಲ. ಇನ್ನೊಂದು. ಅನ್ನಲಿಲ್ಲ. ಮತ್ತೊಂದು. ಅವಳು ಸುಮ್ಮನಿದ್ದಾಳೆ ಎಂದರೆ ಹೊಲಿಗೆ ಸರಿ ಬಿದ್ದಿದೆ ಎಂದರ್ಥ. ಅವನ ಕೈಗೆ ಓಟ ಸಿಕ್ಕಿತು.

ಹೊರಗೆ ಆಟಗಾರರ ಬೂಟುಗಳು ಸಿಮೆಂಟಿನ ಮೇಲೆ ಕಟಕಟ ಎನ್ನತೊಡಗಿದವು. ಜನ ಚಪ್ಪಾಳೆಗೆ ತಾಳ ಹಿಡಿದರು. ಡ್ರಿಲ್ ಮೇಷ್ಟ್ರು ಬಾಗಿಲಲ್ಲಿ ನಿಂತು ಇಣುಕಿ ನೋಡುತ್ತಿದ್ದವರು, ನೋಡುನೋಡುತ್ತ ತಾವು ಯಾಕೆ ನಿಂತಿದ್ದೇವೆಂಬುದನ್ನೇ ಮರೆತು, "ಮೂಲೇಲಿ ಒಂದು ಜಾಸ್ತಿ ಹಾಕಿ ಸಾರ್, ಮೂಲೇನೇ ಮೊದ್ಲು ಏಳೋದು" ಎಂದರು. ನಟ್ಟಣ್ಣ ಮೂಲೆಯಲ್ಲಿ ಒಂದು ಜಾಸ್ತಿ ಹಾಕಿದ. ಕೊನೆಯ ಹೊಲಿಗೆಯ ಕುಣಿಕೆಯೊಳಗೆ ಸೂಜಿ ತೂರಿಸಿ ಗಂಟು ಎಳೆದ. ದಾರವನ್ನು ಹಲ್ಲಿನಿಂದ ಕಡಿದ. ಹೆಂಡತಿ ಕೈ ಹೊರಗೆಳೆದಳು. ಬೆರಳ ತುದಿಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ.

ಮೇಲ್ವಿಚಾರಕರು ಬ್ಯಾಡ್ಜು ಜಗ್ಗಿದರು. ಜೇಬಿನೊಳಗೆ ಕೈ ಹಾಕಿ ತೆಗೆದರು. "ಓಡಮ್ಮ" ಎಂದರು.

ಪುಟ್ಟಿ ಅಂಗಿ ತೊಟ್ಟು, ಕಾರ್ಡು ಜೇಬಿಗಿಳಿಸಿ ಓಡಿದಳು. ಎರಡು ತಂಡಗಳ ನಡುವೆ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಅವಳು ಮೈದಾನಕ್ಕೆ ಇಳಿದಾಗ ಡಿಪೋದ ಸಾಲು ಎದ್ದು ನಿಂತಿತು. ಗಂಡ ಹೆಂಡತಿ ಏದುಸಿರು ಬಿಡುತ್ತ ತಮ್ಮ ಜಾಗ ಸೇರಿದರು.

ಆ ಪಂದ್ಯದ ಬಗ್ಗೆ ಡಿಪೋದವರು ಇವತ್ತಿಗೂ ಮಾತಾಡುತ್ತಾರೆ. ನಟ್ಟಣ್ಣನಿಗೆ ಮಾತ್ರ ಗೋಲುಗಳು ಸರಿಯಾಗಿ ನೆನಪಿಲ್ಲ. ಅವನು ನೋಡುತ್ತಿದ್ದದ್ದು ಒಂದು ಬ್ಯಾಡ್ಜು. ಮಗಳು ಮೈದಾನದ ಆ ಕಡೆ ಹೋದರೆ ಕತ್ತು ಉದ್ದ ಮಾಡುತ್ತಿದ್ದ, ಈ ಕಡೆ ಬಂದರೆ ಕಣ್ಣು ಕಿರಿದು ಮಾಡಿ ಅಂಚು ಎದ್ದಿದೆಯೇ ಎಂದು ನೋಡುತ್ತಿದ್ದ. ಎರಡೂ ತಂಡ ಸಮವಾಗಿದ್ದಾಗ, ಆಟ ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿದ್ದಾಗ, ಗೋಲಿನತ್ತ ನುಗ್ಗಿದ ಸಣಕಲ ಆಟಗಾರನಿಗೆ ಎತ್ತರದ ಇನ್ನೊಬ್ಬ ಹಿಂದಿನಿಂದ ಅಡ್ಡಗಾಲು ಕೊಟ್ಟ. ಸೀಟಿ ಚೀರಿತು. ಕ್ರೀಡಾಂಗಣ ಪೂರ್ತಿ ಎದ್ದು ನಿಂತಿತು. ಎತ್ತರದವನು ಪುಟ್ಟಿಯ ಮುಖಕ್ಕೇ ಬಂದು ಕೈ ಆಡಿಸುತ್ತಿದ್ದ. ಅವನ ತಂಡದವರು ಸುತ್ತುವರಿದರು.

ಪುಟ್ಟಿಯ ಕೈ ಜೇಬಿಗೆ ಹೋಯಿತು.

ನಟ್ಟಣ್ಣ ಹೆಂಡತಿಯ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಚುಚ್ಚಿದ ಬೆರಳೇ ಸಿಕ್ಕಿತ್ತೋ ಏನೋ, ಅವಳು "ಆಯ್" ಎಂದಳು. ಅವನಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಮಗಳ ಕೈ ಮೇಲೆದ್ದಿತ್ತು. ಎಲ್ಲೂ ತಡೆಯದೆ, ಎಲ್ಲೂ ಸಿಕ್ಕಿಕೊಳ್ಳದೆ, ಕೆಂಪು ಕಾರ್ಡು ಅವಳ ತಲೆಯ ಮೇಲೆ ನೆಟ್ಟಗೆ ನಿಂತಿತ್ತು. ಸುತ್ತುವರಿದವರು ಒಬ್ಬೊಬ್ಬರಾಗಿ ಹಿಂದೆ ಸರಿದರು.

"ಸಲೀಸಾಗಿ ಬಂತು ಕಣೇ" ಎಂದ ನಟ್ಟಣ್ಣ. "ಒಂಚೂರೂ ಹಿಡೀಲಿಲ್ಲ. ನೋಡಿದ್ಯಾ?"

"ನೋಡಿದೆ. ಅವನು ಕಾಲು ಕೊಟ್ಟಿದ್ದನ್ನ ನೀವು ನೋಡಿದ್ರಾ?"

"ಅದನ್ನ ನೋಡೋಕೆ ಮಗಳಿದಾಳಲ್ಲ" ಎಂದು ಅವನು ಮತ್ತೆ ಬ್ಯಾಡ್ಜಿನತ್ತ ಕತ್ತು ಚಾಚಿದ.